ರಾತ್ರಿ ಲಾರಿ ಓಡಿಸುವವರ ಕಣ್ಣಿಗೆ ನಂಬರು ಕೊಡುವಾಗ

ನಾನು ದಾವಣಗೆರೆಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಕೊಡುವವನು. ಇಲ್ಲಿಂದ ಮೆಕ್ಕೆಜೋಳ ತುಂಬಿಕೊಂಡು ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು ದಾಟಿ ರಾತ್ರಿಯೆಲ್ಲ ಓಡಿಸುವ ಚಾಲಕರು ನನ್ನಲ್ಲಿಗೆ ಬರುತ್ತಾರೆ. ಚಾರ್ಟಿನ ಕೊನೆಯ ಸಾಲನ್ನೂ ಸಲೀಸಾಗಿ ಓದುತ್ತಾರೆ. ಆಮೇಲೆ, "ಹಗಲೊತ್ತು ಏನೂ ತೊಂದ್ರಿ ಇಲ್ಲ ಸರ್, ರಾತ್ರಿ ಎದುರಿನ ಲೈಟು ಮುಳ್ಳುಮುಳ್ಳಾಗಿ ಚೆದರ್ತೈತಿ" ಅನ್ನುತ್ತಾರೆ. ಎರಡೂ ನಿಜ.

ಬಿಸಿಲಲ್ಲಿ ಪಾಪೆ ಸುಮಾರು 2 ಮಿ.ಮೀ.ಗೆ ಕುಗ್ಗಿರುತ್ತದೆ. ಕತ್ತಲಲ್ಲಿ 6 ಮಿ.ಮೀ.ವರೆಗೆ, ಹರೆಯದವರಲ್ಲಿ ಇನ್ನೂ ಹೆಚ್ಚು, ಅರಳುತ್ತದೆ. ಕನ್ನಡಕದಲ್ಲಿ ಅರ್ಧ ಡಯಾಪ್ಟರ್ (ಕನ್ನಡಕದ ನಂಬರು ಅಳೆಯುವ ಮಾನ) ಬಿಟ್ಟುಹೋಗಿದ್ದರೆ ದೂರದ ದೀಪ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಚುಕ್ಕಿಯಾಗದೆ ಮಸುಕು ವೃತ್ತವಾಗುತ್ತದೆ. ಪಾಪೆ ಅರಳಿದಷ್ಟೂ ಆ ವೃತ್ತ ಹಿಗ್ಗುತ್ತದೆ. ಅದೇ ಅರ್ಧ ನಂಬರು ರಾತ್ರಿ ಮೂರು ಪಟ್ಟು ಅಗಲದ ಮಸುಕು ಕೊಡುತ್ತದೆ. ಸಾಲದ್ದಕ್ಕೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಅಂಚಿನಿಂದಲೂ ಬೆಳಕು ನುಗ್ಗುತ್ತದೆ. ಬಹುತೇಕರಲ್ಲಿ ಅಂಚಿನ ಕಿರಣಗಳು ನಡುವಿನವಕ್ಕಿಂತ ಮುಂಚೆಯೇ ಕೂಡಿಬಿಡುತ್ತವೆ.

ಹಾಗಾಗಿ ಚಾರ್ಟ್ ಮುಗಿದ ಮೇಲೆ ಕೋಣೆಯ ದೀಪ ಆರಿಸುತ್ತೇನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಬಿಟ್ಟು, ಆರು ಮೀಟರ್ ದೂರದಲ್ಲಿ ಸಣ್ಣದೊಂದು ಎಲ್‌ಇಡಿ ಹಚ್ಚುತ್ತೇನೆ. ಕನ್ನಡಕ ತೆಗೆಸಿ, ಒಂದು ಕಣ್ಣು ಮುಚ್ಚಿಸಿ, ತಲೆ ಓರೆ ಮಾಡಲು ಹೇಳುತ್ತೇನೆ. ತಲೆಯ ಜೊತೆ ಮುಳ್ಳುಗಳೂ ಓರೆಯಾದರೆ ಅವು ಹುಟ್ಟುವುದು ಕಣ್ಣಲ್ಲೇ. ಇದನ್ನು ಗಾಡಿಯಲ್ಲೇ ಮಾಡಿ ನೋಡಬಹುದು, ಆದರೆ ನಿಲ್ಲಿಸಿದ ಗಾಡಿಯಲ್ಲಿ ಮಾತ್ರ: ವೈಪರ್ ಉಜ್ಜಿದ ಗಾಜಿನಿಂದ ಬರುವ ಗೆರೆ ತಲೆ ಓರೆ ಮಾಡಿದರೂ ಓರೆಯಾಗುವುದಿಲ್ಲ.

ಇನ್ನು ಟ್ರಯಲ್ ಫ್ರೇಮ್, ಅಂದರೆ ಲೆನ್ಸ್ ಬದಲಿಸಿ ನೋಡುವ ಪರೀಕ್ಷೆಯ ಕನ್ನಡಕ. ಮೈನಸ್ ಕಾಲು ಡಯಾಪ್ಟರ್ ಸೇರಿಸಿ ನೋಡುತ್ತೇನೆ. ಕತ್ತಲಲ್ಲಿ ಕೆಲವರ ಕಣ್ಣು ಅಷ್ಟು ಸಮೀಪದೃಷ್ಟಿಯತ್ತ ಜಾರಿರುತ್ತದೆ. ಸಿಲಿಂಡರನ್ನಂತೂ, ಅಂದರೆ ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದನ್ನು ಸರಿಪಡಿಸುವ ನಂಬರನ್ನಂತೂ, ಬಿಡುವುದೇ ಇಲ್ಲ. "ಅರ್ಧ ಸಿಲಿಂಡರ್ ತಾನೇ" ಎಂದು ಕೈಬಿಟ್ಟು ಮಾಡಿದ ಕನ್ನಡಕಗಳು ಆಗಾಗ ಕೈಗೆ ಬರುತ್ತವೆ, ನೋಡಿದರೆ ಸಂಕಟವಾಗುತ್ತದೆ. ಬಿಟ್ಟುಹೋಗಿದ್ದ ಆ ಸಿಲಿಂಡರೊಂದನ್ನು ಹಾಕಿದ ಕೂಡಲೇ ಒಬ್ಬ ಚಾಲಕರು, "ಈಗ ಲೈಟು ಎಲ್ಲೈತೋ ಅಲ್ಲೇ ನಿಂತೈತಿ" ಅಂದಿದ್ದರು.

ಲೆನ್ಸ್ ಹಾಕಿದರೂ ಬೆಳಕು ಮಂಜಿನಂತೆ ಹರಡಿದರೆ, ಅದರಲ್ಲೂ ವಯಸ್ಸು ಐವತ್ತು ದಾಟಿದ್ದರೆ, ಪೊರೆ ಇದೆಯೇ ನೋಡಿಸಲು ಕಣ್ಣಿನ ಡಾಕ್ಟರ ಬಳಿ ಕಳಿಸುತ್ತೇನೆ. ರಾತ್ರಿಗೆಂದು ಹಳದಿ ಗ್ಲಾಸು ಕೇಳುವವರಿಗೆ ಕೊಡುವುದಿಲ್ಲ: ಅದು ಬೆಳಕನ್ನೇ ಕಡಿಮೆ ಮಾಡುತ್ತದೆ, ಮಸುಕನ್ನಲ್ಲ. ಕತ್ತಲಲ್ಲಿ ರಸ್ತೆ ದಾಟುವವರು ಇನ್ನಷ್ಟು ತಡವಾಗಿ ಕಾಣುತ್ತಾರೆ.