ಹಳೆಯ ಇಸಿಯುಗೆ ದೊಡ್ಡ ಮೆಮೊರಿ ಚಿಪ್ ಕೂರಿಸುವುದು ಹೇಗೆ?

ರಸ್ತೆಯಲ್ಲಿ ಕಂಪನಿಯ ಪ್ರೋಗ್ರಾಂ, ಕಾಫಿ ತೋಟದೊಳಗಿನ ರ್‍ಯಾಲಿಗೆ ಮತ್ತೊಂದು: ಹಳೆಯ ಪೆಟ್ರೋಲ್ ಕಾರನ್ನು ಸ್ಪರ್ಧೆಗೆ ಸಜ್ಜುಗೊಳಿಸುವ ಕೊಡಗಿನ ಹವ್ಯಾಸಿಗಳಿಗೆ ಇವೆರಡೂ ಒಂದೇ ಇಸಿಯುವಿನಲ್ಲಿ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಬೇಕೆನಿಸಿದರೆ ಆಶ್ಚರ್ಯವಿಲ್ಲ. ಪ್ರೋಗ್ರಾಂ ಇರುವುದು 27ಸಿ256 ಎಂಬ ಮೆಮೊರಿ ಚಿಪ್ಪಿನಲ್ಲಾದರೆ, ಅದರ ಜಾಗಕ್ಕೆ 27ಸಿ512 ಕೂರಿಸಿದರೆ ಇದು ಸಾಧ್ಯ. ಮೊದಲಿನದರಲ್ಲಿ 32 ಕಿಲೋಬೈಟ್ ಹಿಡಿಸುತ್ತದೆ, 27ಸಿ512ರಲ್ಲಿ 64. ಎರಡಕ್ಕೂ 28 ಪಿನ್ನುಗಳು. ಆದರೆ ಚಿಪ್ ದೊಡ್ಡದಾದ ಮಾತ್ರಕ್ಕೆ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಇಸಿಯುವನ್ನು ಹೊರತೆಗೆಯಿರಿ. ನಮ್ಮ ಮಳೆಗಾಲದ ತೇವ ಒಳಗೆ ಸೇರಿ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿದ್ದರೆ, ಅದನ್ನು ಶುಚಿಗೊಳಿಸಿ ಬೋರ್ಡನ್ನು ಪೂರ್ತಿ ಒಣಗಿಸಿದ ಮೇಲೆಯೇ ಸೋಲ್ಡರಿಂಗ್ ಕಡ್ಡಿ ತಾಗಿಸಬೇಕು. ಹಳೆಯ ಚಿಪ್ಪಿನ ಬೆಸುಗೆ ಕರಗಿಸಿ ಅದನ್ನು ಬಿಡಿಸಿ. ಗ್ರೌಂಡ್ ಮತ್ತು ವಿದ್ಯುತ್ತಿನ ಪಿನ್ನುಗಳಾದ 14 ಮತ್ತು 28 ಶಾಖವನ್ನು ಬೇಗ ಹೀರಿಕೊಳ್ಳುವುದರಿಂದ ಅಲ್ಲಿ ಬೆಸುಗೆ ಪೂರ್ತಿ ಕರಗುವ ಮುನ್ನ ಚಿಪ್ಪನ್ನು ಎಳೆಯಲು ಹೋಗಬೇಡಿ. ಬೋರ್ಡಿನ ತಾಮ್ರದ ಎಳೆ ಕಿತ್ತುಬಂದೀತು. ಖಾಲಿಯಾದ ಜಾಗಕ್ಕೆ ಸಾಕೆಟ್ ಬೆಸೆಯಿರಿ. ಹಳೆಯ ಚಿಪ್ಪಿನ ಮಾಹಿತಿಯನ್ನು ಪ್ರೋಗ್ರಾಮರಿನಲ್ಲಿ (ಚಿಪ್ ಓದುವ, ಬರೆಯುವ ಸಾಧನ) ಎರಡು ಬಾರಿ ಓದಿ, ಎರಡೂ ಕಡತಗಳು ಒಂದೇ ಎಂದು ಖಚಿತಪಡಿಸಿಕೊಂಡು ಜೋಪಾನವಾಗಿಡಿ.

ನಿಜವಾದ ತೊಡಕಿರುವುದು ಒಂದನೇ ಪಿನ್ನಿನಲ್ಲಿ. ಚಿಕ್ಕ ಚಿಪ್ಪಿನಲ್ಲಿ ಅದು ಬರೆಯುವ ವೋಲ್ಟೇಜಿನ ಪಿನ್. ದೊಡ್ಡದರಲ್ಲಿ ಅದೇ ಅತಿ ಮೇಲಿನ ವಿಳಾಸದ ಗೆರೆ, ಅಂದರೆ ಚಿಪ್ಪಿನ ಯಾವ ಅರ್ಧವನ್ನು ಓದಬೇಕೆಂದು ತೀರ್ಮಾನಿಸುವ ಪಿನ್. ಮಲ್ಟಿಮೀಟರಿನಲ್ಲಿ ನೋಡಿದಾಗ ಸಾಕೆಟ್ಟಿನ 1 ಮತ್ತು 28 ಒಂದಕ್ಕೊಂದು ಜೋಡಿಸಿದ್ದರೆ, ಇಸಿಯು ಹೊಸ ಚಿಪ್ಪಿನ ಮೇಲಿನ ಅರ್ಧವನ್ನಷ್ಟೇ ಓದುತ್ತದೆ. ಕಡತವನ್ನು ಕೆಳಗಿನ ಅರ್ಧಕ್ಕೆ ಮಾತ್ರ ಬರೆದವರ ಕಾರು ಸ್ಟಾರ್ಟ್ ಆಗುವುದಿಲ್ಲ. ಒಂದೇ ಪ್ರೋಗ್ರಾಂ ಸಾಕೆನ್ನುವವರು ಅದನ್ನೇ ಎರಡೂ ಅರ್ಧಗಳಿಗೆ ಬರೆದರಾಯಿತು. ಎರಡು ಬೇಕಿದ್ದರೆ, ಚಿಪ್ಪಿನ ಒಂದನೇ ಪಿನ್ನನ್ನು ಸಾಕೆಟ್ಟಿನ ಹೊರಗೆ ಬಾಗಿಸಿ, 10 ಕಿಲೋ ಓಮ್ ರೆಸಿಸ್ಟರಿನ ಮೂಲಕ 28ಕ್ಕೂ, ಸ್ವಿಚ್ಚಿನ ಮೂಲಕ 14ಕ್ಕೂ ಸೇರಿಸಬೇಕು. ಕಂಪನಿಯ ಪ್ರೋಗ್ರಾಂ ಮೇಲಿನ ಅರ್ಧದಲ್ಲಿರಲಿ ಎಂಬುದು ನನ್ನ ಸಲಹೆ, ಏಕೆಂದರೆ ಸ್ವಿಚ್ಚಿನ ತಂತಿ ದಾರಿಯಲ್ಲಿ ತುಂಡಾದರೂ ಕಾರು ಅದರಲ್ಲೇ ಓಡುತ್ತದೆ.

ಬರೆಯುವಾಗ ಪ್ರೋಗ್ರಾಮರಿನಲ್ಲಿ ಸರಿಯಾದ ಚಿಪ್ ಸಂಖ್ಯೆಯನ್ನೇ ಆರಿಸಿ. ದೊಡ್ಡ ಚಿಪ್ಪಿಗೆ ಬರೆಯುವ ವೋಲ್ಟೇಜ್ ಹೋಗುವುದು 22ನೇ ಪಿನ್ನಿಗೆ. ಬದಲಾಯಿಸಿದ ಪ್ರೋಗ್ರಾಮಿನಲ್ಲಿ, ಅದು ಸರಿಯಿದೆಯೇ ಎಂದು ತಾಳೆನೋಡುವ ಸಂಖ್ಯೆಯಾದ ಚೆಕ್‌ಸಮ್ ಸರಿಪಡಿಸಿರಬೇಕು. ಹೊಸ ಚಿಪ್ ಹಳೆಯದಕ್ಕಿಂತ ನಿಧಾನದ್ದಾಗಿರಬಾರದು: ಸಂಖ್ಯೆಯ ಕೊನೆಯಲ್ಲಿ 15 ಎಂದಿದ್ದರೆ 150 ನ್ಯಾನೊಸೆಕೆಂಡ್ ಎಂದರ್ಥ. ಗಾಜಿನ ಕಿಂಡಿಯುಳ್ಳ ಚಿಪ್ಪಾದರೆ ಬೆಳಕು ತೂರದ ಚೀಟಿ ಅಂಟಿಸಿ.

ಚಿಪ್ಪಿನ ಕಚ್ಚು ಸಾಕೆಟ್ಟಿನ ಕಚ್ಚಿನ ಕಡೆಗೇ ಇದೆಯೆಂದು ನೋಡಿ ಕೂರಿಸಿ. ತಿರುಗುಮುರುಗಾದರೆ ಚಿಪ್ ಸುಟ್ಟುಹೋಗಬಹುದು. ಮೊದಲು ಕಂಪನಿಯ ಪ್ರೋಗ್ರಾಮಿನಲ್ಲೇ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗುವವರೆಗೆ ಐಡಲ್‌ನಲ್ಲಿ ಬಿಟ್ಟು ಎಚ್ಚರಿಕೆಯ ದೀಪವನ್ನು ಗಮನಿಸಿ. ಇನ್ನೊಂದಕ್ಕೆ ಬದಲಿಸುವಾಗ ಇಗ್ನಿಷನ್ ಆಫ್ ಆಗಿರಲೇಬೇಕು, ಏಕೆಂದರೆ ಎಂಜಿನ್ ಓಡುವಷ್ಟು ಹೊತ್ತೂ ಪ್ರೊಸೆಸರ್ ಆ ಚಿಪ್ಪಿನಿಂದ ಓದುತ್ತಲೇ ಇರುತ್ತದೆ. ಹೊಗೆ ಪರೀಕ್ಷೆಯ ಮಿತಿ ಮೀರುವ ಪ್ರೋಗ್ರಾಂ ಸ್ಪರ್ಧೆಯ ಆವರಣ ಬಿಟ್ಟು ರಸ್ತೆಗೆ ಬರಕೂಡದು.