ವೃದ್ಧಾಶ್ರಮದಲ್ಲಿ ಫ್ಲೂ ಶುರುವಾದರೆ ಥರ್ಮಾಮೀಟರ್ ಒಂದನ್ನೇ ನಂಬಬೇಡಿ

ಅಪ್ಪ, ಅಮ್ಮ ವೃದ್ಧಾಶ್ರಮದಲ್ಲಿ ಇರುವವರಿಗೆ ಒಂದು ಮಾತು. ಫ್ಲೂ ಬಂದರೂ ವಯಸ್ಸಾದವರಿಗೆ ಎಷ್ಟೋ ಸಲ ಜ್ವರವೇ ಕಾಣಿಸುವುದಿಲ್ಲ. ಬೆಳಗಿನ ಕಾಫಿ ಲೋಟ ಮುಟ್ಟದೆ ಹಾಗೇ ಉಳಿದಿದೆಯಾ? ಇದ್ದಕ್ಕಿದ್ದಂತೆ ಮಂಕಾಗಿದ್ದಾರಾ? ಇವತ್ತು ಯಾವ ವಾರ ಅಂತ ಗೊಂದಲವಾಗುತ್ತಿದೆಯಾ? ಕೂಡಲೇ ಡಾಕ್ಟರಿಗೆ ತೋರಿಸಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಕಾಣಿಸಿಕೊಂಡ 48 ಗಂಟೆಯೊಳಗೆ ಶುರುವಾದರೆ ಗುಣ ಜಾಸ್ತಿ. ‘ನಾಳೆ ನೋಡೋಣ’ ಅನ್ನಬೇಡಿ.

ವೈರಸ್ ಒಳಗೆ ಬರುವುದು ಹೊರಗೆ ಓಡಾಡುವ ನಮ್ಮಿಂದ, ಸಿಬ್ಬಂದಿಯಿಂದ ಅಲ್ವಾ? 2020ರಲ್ಲಿ ಅಮೆರಿಕದ ಕರ್ಕ್‌ಲ್ಯಾಂಡ್ ಸುತ್ತಮುತ್ತಲಿನ ಆರೈಕೆ ಕೇಂದ್ರಗಳಲ್ಲಿ ಕೊರೊನಾ ಹಬ್ಬಿದಾಗ, ಹುಷಾರಿಲ್ಲದಿದ್ದರೂ ಕೆಲಸಕ್ಕೆ ಬಂದವರು, ಎರಡೆರಡು ಕಡೆ ದುಡಿಯುತ್ತಿದ್ದವರು ಅದಕ್ಕೆ ಒಂದು ಕಾರಣ ಅಂತ ತನಿಖೆಯಲ್ಲಿ ಗೊತ್ತಾಯಿತು. ಅದಕ್ಕೇ ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿ: ಕೆಮ್ಮು ಇರುವ ಆಯಾಗೆ ಸಂಬಳ ಹಿಡಿಯದೆ ರಜೆ ಕೊಡುತ್ತೀರಾ? ಸಂಬಳ ಕಟ್ ಆಗುತ್ತೆ ಅಂದರೆ ಪಾಪ, ಮಾತ್ರೆ ನುಂಗಿ ಬಂದೇ ಬರುತ್ತಾರೆ. ನನ್ನ ಪ್ರಕಾರ ಗೇಟಿನಲ್ಲಿಡುವ ಸ್ಯಾನಿಟೈಸರ್‌ಗಿಂತ ಇದು ಮುಖ್ಯ.

ಅಂದಹಾಗೆ, ವಾಂತಿ ಭೇದಿ ಹರಡುತ್ತಿದ್ದರೆ ಆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು, ನೀರೇ ಬೇಕು. ನೆಲಕ್ಕೆ ಬ್ಲೀಚಿಂಗ್ ದ್ರಾವಣ.

ಭೇಟಿಯನ್ನು ಸುಮ್ನೆ ಪೂರ್ತಿ ನಿಲ್ಲಿಸಬೇಡಿ. ಮಾಸ್ಕ್ ಹಾಕಿ, ಅಂಗಳದಲ್ಲಿ ಕೂತು ಮಾತಾಡಿ. ನಿಮಗೇ ನೆಗಡಿ ಇದ್ದರೆ ಮಾತ್ರ ವಿಡಿಯೋ ಕಾಲ್ ಸಾಕು.