ಅಸೈಕ್ಲೋವಿರ್‌ಗೆ ಹೈಡ್ರೋಜೆಲ್: ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸುವ ಬಗೆ

ಹರ್ಪಿಸ್ ವೈರಸ್ ವಿರುದ್ಧ ದಶಕಗಳಿಂದ ಬಳಕೆಯಲ್ಲಿರುವ ಅಸೈಕ್ಲೋವಿರ್ ಅನ್ನು ಮಾತ್ರೆಯಾಗಿ ನುಂಗಿದಾಗ ಅದರ ಶೇ. 10ರಿಂದ 20ರಷ್ಟು ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ ಸರಿಯಿರುವವರಲ್ಲಿ ಅದರ ಅರ್ಧಾಯು (ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ) ಸುಮಾರು 3 ಗಂಟೆ ಮಾತ್ರ. ಜನನಾಂಗದ ಹರ್ಪಿಸ್ ಮೊದಲ ಸಲ ಕಾಣಿಸಿಕೊಂಡಾಗ 200 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ 5 ಬಾರಿ ಕೊಡುವ ಪದ್ಧತಿ ಈ ಕಾರಣದಿಂದಲೇ ಬಂದದ್ದು. ಔಷಧವನ್ನು ಯೋನಿಯ ಲೋಳೆಪೊರೆಯಲ್ಲೇ ಇರಿಸಿ, ಗಂಟೆಗಟ್ಟಲೆ ನಿಧಾನವಾಗಿ ಬಿಡುವ ಹೈಡ್ರೋಜೆಲ್ (ನೀರನ್ನು ಹಿಡಿದಿಟ್ಟ ಜೆಲ್) ಒಂದನ್ನು ಎಂ.ಫಾರ್ಮ್ ಮಟ್ಟದ ಪ್ರಯೋಗಾಲಯದಲ್ಲಿ ಹೇಗೆ ತಯಾರಿಸಿ ಅಳೆಯಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದು ಪ್ರಯೋಗಾಲಯದ ಅಧ್ಯಯನಕ್ಕಷ್ಟೇ ಮೀಸಲು. ಹೀಗೆ ತಯಾರಿಸಿದ ಜೆಲ್ಲನ್ನು ಯಾವ ಕಾರಣಕ್ಕೂ ಮನುಷ್ಯರ ಮೇಲೆ ಬಳಸಬಾರದು, ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲೇ ಬೇಕು.

ಜೆಲ್ ಕಟ್ಟುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಆರಿಸುವ ಮುನ್ನ ಜೆಲ್ ತಲುಪಬೇಕಾದ ಜಾಗವನ್ನು ಅರಿತುಕೊಳ್ಳಬೇಕು. ವಿದ್ಯಾರ್ಥಿಗಳು ಬಹುಪಾಲು ಇದನ್ನು ತಲೆಕೆಳಗಾಗಿ ಮಾಡುತ್ತಾರೆ: ಕಪಾಟಿನಲ್ಲಿರುವ ಪಾಲಿಮರ್ ಹಿಡಿದು ಅದಕ್ಕೊಂದು ಜಾಗ ಹುಡುಕುತ್ತಾರೆ. ಯೋನಿಯ ಸಹಜ ಪಿಎಚ್ ಸುಮಾರು 3.8ರಿಂದ 4.5ರವರೆಗೆ ಇರುತ್ತದೆ, ಅಲ್ಲಿ ಸದಾ ದ್ರವ ಒಸರುತ್ತಿರುತ್ತದೆ, ಮತ್ತು ಅಲ್ಲಿನ ಉಪಕಾರಿ ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳಿಗೆ ಧಕ್ಕೆಯಾಗಕೂಡದು. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ 889 ಮಹಿಳೆಯರ ಮೇಲೆ ನಡೆದ ಕ್ಯಾಪ್ರಿಸಾ 004 ಅಧ್ಯಯನದ ಫಲಿತಾಂಶ 2010ರಲ್ಲಿ ಹೊರಬಂದಾಗ, ಟೆನೋಫೋವಿರ್ ಎಂಬ ವೈರಸ್ ನಿರೋಧಕ ಔಷಧದ ಶೇ. 1ರ ಜೆಲ್ ಎಚ್‌ಐವಿ ಸೋಂಕನ್ನು ಶೇ. 39ರಷ್ಟು, ಎರಡನೆಯ ಬಗೆಯ ಹರ್ಪಿಸ್ ಸೋಂಕನ್ನು ಶೇ. 51ರಷ್ಟು ತಗ್ಗಿಸಿದ್ದು ಕಂಡುಬಂದಿತ್ತು. 2015ರ ಫ್ಯಾಕ್ಟ್ಸ್ 001 ಅಧ್ಯಯನದಲ್ಲಿ ಅದೇ ಜೆಲ್ ಎಚ್‌ಐವಿ ತಡೆಯುವಲ್ಲಿ ಒಟ್ಟಾರೆ ಫಲ ಕೊಡಲಿಲ್ಲ; ಪ್ರತಿ ಸಲವೂ ಸಂಭೋಗಕ್ಕೆ ಮೊದಲು ಮತ್ತು ನಂತರ ಹಚ್ಚಿಕೊಳ್ಳುವುದು ಬಹಳ ಮಹಿಳೆಯರಿಗೆ ಸಾಧ್ಯವಾಗಿರಲಿಲ್ಲ. ಹೀಗಾಗಿ ಜೆಲ್ ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಮುಂದಿಡುತ್ತೇನೆ.

ಈ ಉದ್ದೇಶಕ್ಕೆ ಪೊಲೋಕ್ಸಮರ್ 407 ಎಂಬ ಪಾಲಿಮರ್ ಒಳ್ಳೆಯ ಆರಂಭ. ತಣ್ಣಗಿರುವಾಗ ದ್ರವವಾಗಿದ್ದು, ಮೈಯ ಶಾಖಕ್ಕೆ ಜೆಲ್ ಆಗುವ ಗುಣ ಅದಕ್ಕಿದೆ. ಆದರೆ ಅದೊಂದನ್ನೇ ಬಳಸಿದರೆ ಜೆಲ್ ಕೆಲವೇ ಗಂಟೆಗಳಲ್ಲಿ ಸವೆದು ಕರಗಿಹೋಗುತ್ತದೆ. ಲೋಳೆಪೊರೆಗೆ ಅಂಟಿಕೊಳ್ಳಲು, ಸೆಲ್ಯುಲೋಸ್‌ನಿಂದ ಮಾಡಿದ ಇನ್ನೊಂದು ಪಾಲಿಮರ್ ಆದ ಸ್ವಲ್ಪ ಎಚ್‌ಪಿಎಂಸಿ ಬೇಕು. 100 ಗ್ರಾಂ ಜೆಲ್‌ಗೆ ಪೊಲೋಕ್ಸಮರ್ 18 ಗ್ರಾಂ, ಎಚ್‌ಪಿಎಂಸಿ ಕೆ4ಎಂ ದರ್ಜೆಯದು ಅರ್ಧ ಗ್ರಾಂ, ಅಸೈಕ್ಲೋವಿರ್ 1 ಗ್ರಾಂ, ಉಳಿದದ್ದು ಶುದ್ಧೀಕರಿಸಿದ ನೀರು ಎಂದು ಲೆಕ್ಕ ಹಾಕಿಕೊಳ್ಳಿ.

ಎಚ್‌ಪಿಎಂಸಿಯನ್ನು ತಣ್ಣೀರಿಗೆ ಒಮ್ಮೆಲೇ ಸುರಿದರೆ ರಾಗಿ ಹಿಟ್ಟು ಗಂಟುಕಟ್ಟುವಂತೆ ಹೊರಗೆ ಲೋಳೆ, ಒಳಗೆ ಒಣ ಪುಡಿ ಉಳಿಯುತ್ತದೆ. ಆದ್ದರಿಂದ ಸುಮಾರು 25 ಮಿ.ಲೀ. ನೀರನ್ನು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರಲ್ಲಿ ಪುಡಿಯನ್ನು ಕದಡಿ, ಬಳಿಕ ಐಸ್ ನೀರಿನಲ್ಲಿಟ್ಟ ಬೀಕರಿನಲ್ಲಿ ತಣಿಸಬೇಕು. ತಣಿದಂತೆ ಅದು ನೀರು ಹೀರಿ ತಿಳಿಯಾಗುತ್ತದೆ. ಆಮೇಲೆ ಹೊಂದಿಕೆಗೆಂದು ಒಂದಿಷ್ಟನ್ನು ಉಳಿಸಿಕೊಂಡು ಬಾಕಿ ತಣ್ಣೀರನ್ನು ಬೆರೆಸಿ, 4–5 ಡಿಗ್ರಿಯಲ್ಲಿ ಮ್ಯಾಗ್ನೆಟಿಕ್ ಸ್ಟಿರರ್ ನಿಧಾನಕ್ಕೆ ತಿರುಗುತ್ತಿರುವಾಗ ಪೊಲೋಕ್ಸಮರನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ವೇಗ ಹೆಚ್ಚಿಸಿದರೆ ನೊರೆ ತುಂಬಿಕೊಳ್ಳುತ್ತದೆ. ಬೀಕರಿನ ಬಾಯಿ ಮುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಕರಗದ ಚೂರುಗಳೂ ನೊರೆಯೂ ಹೋಗಿರುತ್ತವೆ.

ಅಸೈಕ್ಲೋವಿರ್ 37 ಡಿಗ್ರಿಯಲ್ಲಿ ಪ್ರತಿ ಮಿ.ಲೀ. ನೀರಿಗೆ ಸುಮಾರು 2.5 ಮಿ.ಗ್ರಾಂ. ಮಾತ್ರ ಕರಗುತ್ತದೆ. ಶೇ. 1ರ ಜೆಲ್‌ನಲ್ಲಿ ಪ್ರತಿ ಗ್ರಾಂಗೆ 10 ಮಿ.ಗ್ರಾಂ. ಇರುವುದರಿಂದ ಬಹುಭಾಗ ಕರಗದೆ ಕಣಗಳಾಗಿ ತೇಲಾಡುತ್ತಿರುತ್ತದೆ. ಇದು ದೋಷವಲ್ಲ, ಆ ಕಣಗಳೇ ಔಷಧದ ದಾಸ್ತಾನು. ಆದರೆ ಕಣಗಳು ಸಮನಾಗಿರಬೇಕು. ಹಾಗಾಗಿ ಪುಡಿಯನ್ನು ಜರಡಿ ಹಿಡಿದು, ಕಲ್ಬತ್ತಿನಲ್ಲಿ ತುಸು ತಣ್ಣನೆಯ ಪಾಲಿಮರ್ ದ್ರಾವಣದೊಂದಿಗೆ ಅರೆದು, ಬಳಿಕ ಉಳಿದ ದ್ರಾವಣಕ್ಕೆ ಸೇರಿಸಬೇಕು. ಕೊನೆಗೆ ತೆಳು ಲ್ಯಾಕ್ಟಿಕ್ ಆಮ್ಲದಿಂದ ಪಿಎಚ್ ಅನ್ನು 4.5ಕ್ಕೆ ತಂದು, ಉಳಿಸಿಕೊಂಡ ನೀರಿನಿಂದ ತೂಕ ಸರಿಪಡಿಸಿ. ಮೃದುತ್ವಕ್ಕೆಂದು ಗ್ಲಿಸರಿನ್ ಸುರಿಯುವ ಅಭ್ಯಾಸ ಬೇಡ. ಮೂಲ ಟೆನೋಫೋವಿರ್ ಜೆಲ್‌ನಲ್ಲಿ ಗ್ಲಿಸರಿನ್ ಹೆಚ್ಚಿದ್ದು ಆಸ್ಮೋಲಾಲಿಟಿ (ಕರಗಿದ ಕಣಗಳ ಸಾಂದ್ರತೆ; ಹೆಚ್ಚಿದರೆ ಜೀವಕೋಶಗಳಿಂದ ನೀರು ಸೆಳೆಯುತ್ತದೆ) ವಿಪರೀತ ಏರಿದ್ದರಿಂದ, ಗುದನಾಳದ ಬಳಕೆಗೆ ಗ್ಲಿಸರಿನ್ ತಗ್ಗಿಸಿದ ಬೇರೆ ಜೆಲ್ಲನ್ನೇ ರೂಪಿಸಬೇಕಾಯಿತು.

ಜೆಲ್ ಆಗುವ ಉಷ್ಣತೆ ಅಳೆಯಲು 2 ಮಿ.ಲೀ. ಮಾದರಿಯನ್ನು ಪ್ರನಾಳದಲ್ಲಿ ತೆಗೆದುಕೊಂಡು ವಾಟರ್ ಬಾತ್‌ನಲ್ಲಿಟ್ಟು, 20 ಡಿಗ್ರಿಯಿಂದ ಒಂದೊಂದೇ ಡಿಗ್ರಿ ಏರಿಸುತ್ತಾ, ಪ್ರತಿ ಹಂತದಲ್ಲೂ 5 ನಿಮಿಷ ನಿಲ್ಲಿಸಿ, ಪ್ರನಾಳವನ್ನು ವಾಲಿಸಿ ನೋಡಬೇಕು. ದ್ರವದ ಮೇಲ್ಮೈ ಅಲುಗದೆ ನಿಂತ ಉಷ್ಣತೆಯನ್ನು ಬರೆದುಕೊಳ್ಳಿ. 30ರಿಂದ 35 ಡಿಗ್ರಿಯೊಳಗೆ ಬಂದರೆ ಸರಿ. ಪೊಲೋಕ್ಸಮರ್ ಪ್ರಮಾಣ ಹೆಚ್ಚಿದಂತೆ ಈ ಅಂಕಿ ಇಳಿಯುತ್ತದೆ, ಉಪ್ಪು ಸೇರಿದರೂ ಇಳಿಯುತ್ತದೆ. ಇಷ್ಟಕ್ಕೇ ನಿಲ್ಲಿಸದೆ, ಜೆಲ್‌ಗೆ ಕೃತಕ ಯೋನಿದ್ರವವನ್ನು ಬೆರೆಸಿ ಮತ್ತೊಮ್ಮೆ ಅಳೆಯಬೇಕು. ತೆಳುವಾದಾಗ ಆ ಉಷ್ಣತೆ ಮೇಲೇರಿ 37 ಡಿಗ್ರಿ ದಾಟಿದರೆ, ಬೀಕರಿನಲ್ಲಿ ಎಷ್ಟೇ ಗಟ್ಟಿಯಾಗಿದ್ದ ಜೆಲ್ಲೂ ದೇಹದೊಳಗೆ ಹರಿದುಹೋಗುತ್ತದೆ.

ಇನ್ನು ಔಷಧದ ಬಿಡುಗಡೆ. ಡಯಾಲಿಸಿಸ್ ಪೊರೆಯೊಳಗೆ 1 ಗ್ರಾಂ ಜೆಲ್ ಕಟ್ಟಿ, 37 ಡಿಗ್ರಿಯ 100 ಮಿ.ಲೀ. ಅಸಿಟೇಟ್ ಬಫರ್‌ನಲ್ಲಿ ಮೆಲ್ಲಗೆ ಕಲಕುತ್ತಿರಬೇಕು. 10 ಮಿ.ಗ್ರಾಂ. ಔಷಧ ಕರಗಲು 4 ಮಿ.ಲೀ. ಸಾಕು, ಅದರ ಮೂರು ಪಟ್ಟಿಗಿಂತ ಬಹಳ ಹೆಚ್ಚು ದ್ರವವಿರುವುದರಿಂದ ಸಿಂಕ್ ಸ್ಥಿತಿ (ಬಫರ್ ಔಷಧದಿಂದ ತುಂಬಿಹೋಗಿ ಬಿಡುಗಡೆಗೆ ಅಡ್ಡಿಯಾಗದ ಸ್ಥಿತಿ) ಉಳಿಯುತ್ತದೆ. ಗೊತ್ತುಪಡಿಸಿದ ವೇಳೆಗಳಲ್ಲಿ 2 ಮಿ.ಲೀ. ತೆಗೆದು, ಅಷ್ಟೇ ಬೆಚ್ಚಗಿನ ಹೊಸ ಬಫರ್ ಸೇರಿಸಿ, ಹೊರತೆಗೆದ ಔಷಧವನ್ನು ಲೆಕ್ಕಕ್ಕೆ ಕೂಡಿಸಿ. ಮಾದರಿಯನ್ನು ಹತ್ತು ಪಟ್ಟು ತೆಳುಗೊಳಿಸಿ, ಯುವಿ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 252 ನ್ಯಾನೋಮೀಟರ್ ಸುಮಾರಿಗೆ ಓದಬಹುದು. ಮೀಥೈಲ್ ಪ್ಯಾರಾಬೆನ್‌ನಂಥ ಸಂರಕ್ಷಕ ಬಳಸಿದ್ದರೆ ಮಾತ್ರ ಈ ಓದಿಗೆ ಅರ್ಥವಿಲ್ಲ, ಏಕೆಂದರೆ ಅದೂ ಹೆಚ್ಚುಕಡಿಮೆ ಅಲ್ಲೇ ಬೆಳಕು ಹೀರುತ್ತದೆ. ಆಗ ಎಚ್‌ಪಿಎಲ್‌ಸಿ (ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಬೇಕೇ ಬೇಕು.

ನಾನು ಅತ್ಯಂತ ಒತ್ತಿ ಹೇಳಬಯಸುವ ಮಾತು ಇದು: ಪಾಲಿಮರ್ ಇಲ್ಲದ, ಅಷ್ಟೇ ಅಸೈಕ್ಲೋವಿರ್ ಇರುವ ನೀರಿನ ಸಸ್ಪೆನ್ಷನನ್ನು ಅದೇ ಬಗೆಯ ಪೊರೆಯಲ್ಲಿ ಕಟ್ಟಿ, ಜೊತೆಜೊತೆಗೇ ಪರೀಕ್ಷಿಸಬೇಕು. ಅದೂ ಜೆಲ್‌ನಷ್ಟೇ ನಿಧಾನವಾಗಿ ಹೊರಬಂದರೆ, ಔಷಧವನ್ನು ತಡೆದದ್ದು ಪೊರೆಯೋ ಕಣಗಳ ನಿಧಾನಗತಿಯ ಕರಗುವಿಕೆಯೋ ಆಗಿರುತ್ತದೆ, ಜೆಲ್ ಅಲ್ಲ. ಪೊರೆಯಿಲ್ಲದೆ, ಗಟ್ಟಿಯಾದ ಜೆಲ್ ಮೇಲೆಯೇ 37 ಡಿಗ್ರಿಯ ಬಫರ್ ಸುರಿದು, ಆಗಾಗ ಬಸಿದು ಉಳಿದ ತೂಕ ನೋಡಿದರೆ ಸವೆತದ ವೇಗವೂ ತಿಳಿಯುತ್ತದೆ. ತೂಕ ಇಳಿದ ಪ್ರಮಾಣದಲ್ಲೇ ಔಷಧ ಬಂದಿದ್ದರೆ ಸವೆತವೇ ಕಾರಣವೆಂದು ತಿಳಿಯಬೇಕು. ಕೋರ್ಸ್‌ಮಯರ್–ಪೆಪಾಸ್ ಸಮೀಕರಣವನ್ನು (ಕಾಲಕ್ಕೆ ತಕ್ಕಂತೆ ಬಿಡುಗಡೆ ಹೇಗೆ ಸಾಗುತ್ತದೆಂದು ತೋರಿಸುವ ಸೂತ್ರ) ಮೊದಲ ಶೇ. 60ರ ಬಿಡುಗಡೆಗೆ ಮಾತ್ರ ಹೊಂದಿಸಬೇಕು.

ವೈರಸ್ ಮೇಲಿನ ಪರಿಣಾಮವನ್ನು ವೆರೋ ಜೀವಕೋಶಗಳಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸುವ ಕೋತಿಯ ಮೂತ್ರಪಿಂಡದ ಕೋಶಗಳು) ಪ್ಲೇಕ್ ಎಣಿಕೆಯಿಂದ, ಅಂದರೆ ವೈರಸ್ ಕೋಶಗಳನ್ನು ಕೊಂದು ಉಂಟುಮಾಡಿದ ಖಾಲಿ ಚುಕ್ಕೆಗಳ ಎಣಿಕೆಯಿಂದ, ಎರಡನೆಯ ಹಂತದ ಜೈವಿಕ ಸುರಕ್ಷತೆಯುಳ್ಳ ಪ್ರಯೋಗಾಲಯದಲ್ಲೇ ನೋಡಬೇಕು; ಔಷಧವಿಲ್ಲದ ಖಾಲಿ ಜೆಲ್ ಜೀವಕೋಶಗಳನ್ನು ಕೊಲ್ಲುವುದಿಲ್ಲವೆಂದು ಅದಕ್ಕೂ ಮೊದಲು ಖಚಿತಪಡಿಸಿಕೊಳ್ಳಬೇಕು.

ತೇಲುವ ಕಣಗಳಿರುವುದರಿಂದ ಈ ಜೆಲ್ಲನ್ನು 0.22 ಮೈಕ್ರಾನ್ ಸೋಸುಕದಲ್ಲಿ ಸೂಕ್ಷ್ಮಾಣುರಹಿತಗೊಳಿಸಲಾಗದು. 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿದರೆ) ಪಾಲಿಮರ್‌ಗಳು ಬೇರ್ಪಟ್ಟು ತಳಕ್ಕೆ ಕೂರುತ್ತವೆ, ನೀರೂ ಆವಿಯಾಗಬಹುದು. ಆದ್ದರಿಂದ ತಣಿದ ಮೇಲೆ ಫ್ರಿಜ್‌ನಲ್ಲಿಟ್ಟು ಮತ್ತೆ ಕದಡಿ, ತೂಕ, ಪಿಎಚ್, ಔಷಧದ ಪ್ರಮಾಣ ಮತ್ತು ಜೆಲ್ ಆಗುವ ಉಷ್ಣತೆಯನ್ನು ಇನ್ನೊಮ್ಮೆ ಅಳೆಯಬೇಕು. ಸಂಗ್ರಹಣೆ 2ರಿಂದ 8 ಡಿಗ್ರಿಯಲ್ಲಿರಲಿ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಹೊರಗಿಟ್ಟ ಶೀಶೆಯೊಳಗೇ ಇದು ಗಟ್ಟಿಯಾಗಿ, ಅಪ್ಲಿಕೇಟರಿನಿಂದ ಹೊರಬರುವುದೇ ಇಲ್ಲ.